ಹಳಿ ಎತ್ತುವ ಹಾಡು

ಈ ಸಂಗತಿಯನ್ನು ಮೊದಲು ಹೇಳಿದವರು ಐರ್ಲೆಂಡಿನ ಲೂಕನ್ ಊರಿನ ಶ್ರೀಲಕ್ಷ್ಮಿ. ಎರಡು ಸಾವಿರದ ಇಪ್ಪತ್ತನಾಲ್ಕರ ಅಕ್ಟೋಬರಿನ ಒಂದು ಭಾನುವಾರ, ತಮ್ಮ ಮನೆಯಲ್ಲಿ ಊಟ ಮುಗಿಸಿ ಕುಳಿತಿದ್ದ ಐದಾರು ಮಂದಿಯ ಮುಂದೆ.

ಆ ಬೇಸಿಗೆಯಲ್ಲಿ ಅವರ ಮಾವ ಚಾಮರಾಜ ಮೈಸೂರಿನಿಂದ ಮೂರು ತಿಂಗಳಿಗೆಂದು ಬಂದಿದ್ದರು. ಮೂವತ್ತಾರು ವರ್ಷ ರೈಲ್ವೆಯಲ್ಲಿ ಹಳಿ ಕೆಲಸದ ಗ್ಯಾಂಗಿಗೆ ಮೇಸ್ತ್ರಿಯಾಗಿದ್ದ ಕೈಗೆ ಲೂಕನ್ನಿನಲ್ಲಿ ಟಿ.ವಿ. ರಿಮೋಟಿನ ಹೊರತು ಹಿಡಿಯಲು ಏನೂ ಇರಲಿಲ್ಲ. ಊರಾಚೆಯ ಜವುಗು ಬಯಲಿನಲ್ಲಿ, ಬ್ರಿಟಿಷರ ಕಾಲದ ಮುಚ್ಚಿಹೋದ ಸಣ್ಣ ರೈಲುದಾರಿಗೆ ಸ್ವಯಂಸೇವಕರು ಮತ್ತೆ ಹಳಿ ಹಾಸುತ್ತಿದ್ದಾರೆಂದು ತಿಳಿದು ಸೊಸೆ ಅವರನ್ನು ಅಲ್ಲಿಗೆ ಕರೆದೊಯ್ದರು. ಮುಖಂಡ ಫಿಂಟನ್ ಕೈಕುಲುಕಿದ. ಎಪ್ಪತ್ತು ದಾಟಿದವರು ಹಳಿ ಮುಟ್ಟುವಂತಿಲ್ಲವೆಂದು ಬೆಂಚು ತೋರಿಸಿ ಚಹಾ ತಂದುಕೊಟ್ಟ. ಮಾವ ಚಹಾ ಕುಡಿಯಲಿಲ್ಲ. ಇಲ್ಲಿಯೂ ಕೆಲಸ ಸಿಗದಿದ್ದರೆ ಈ ಮನುಷ್ಯ ನಾಳೆಯೇ ಟಿಕೆಟ್ ಕೇಳುತ್ತಾರೆಂದು ಶ್ರೀಲಕ್ಷ್ಮಿಗೆ ಖಾತ್ರಿಯಾಯಿತು.

ಎಂಟು ಮಂದಿ ಇಕ್ಕಳ ಹಿಡಿದು ಹಳಿ ಎತ್ತಲು ನಿಂತರು. ಫಿಂಟನ್ ಒನ್, ಟೂ, ಥ್ರೀ ಎಣಿಸಿದ. ಕೆಲವರು ಟೂಗೇ ಎತ್ತಿದರು, ಕೆಲವರು ಥ್ರೀ ಮುಗಿಯಲೆಂದು ಕಾದರು. ಹಳಿಯ ಒಂದು ತುದಿ ಎದ್ದು ದಡಕ್ಕನೆ ಬಿತ್ತು. ಮೂರು ಸಲ ಹೀಗೇ ಆಯಿತು. ನಾಲ್ಕನೆಯ ಸಲ ಬೆಂಚಿನಿಂದ ದೊಡ್ಡ ದನಿಯೊಂದು ಕೇಳಿತು:

"ಮಳೆ ಹೋಯ್ತು, ಹೋಗ್ಲಿ ಎತ್ತು! ಜ್ವರ ಬಂತು, ಬರ್ಲಿ ಎತ್ತು! ರೈಲು ಬಂತು, ಬರ್ಲಿ ಎತ್ತು! ಟೋಪಿ ದೊರೆ ಕೂತೇ ತಿಂದ, ತಿನ್ಲಿ ಎತ್ತು!"

ಪ್ರತಿ ಸಲ 'ಎತ್ತು' ಎಂದಾಗಲೂ ಮಾವನ ಅಂಗೈ ಮೇಲೇರುತ್ತಿತ್ತು, ಅದರೊಡನೆ ಎಂಟು ಬೆನ್ನುಗಳೂ ಏಳುತ್ತಿದ್ದವು. ನಾಲ್ಕನೆಯ ಸಾಲಿಗೆ ಆ ಎಂಟು ಮಂದಿಯೂ 'ಎತ್ತು' ಎಂದು ಕೂಗಿದರು. ಹಳಿ ಅಡಿಯ ಸ್ಲೀಪರು ದಿಮ್ಮಿಗಳ ಮೇಲೆ ಸರಿಯಾಗಿ ಕುಳಿತಿತು.

ಹಾಡು ಮಾವನ ಅಜ್ಜನದು. ಅರಸೀಕೆರೆಯ ಕಡೆ ಹಳಿ ಹಾಕಿದ ವರ್ಷ ಊರಲ್ಲಿ ನಡೆದುದನ್ನೆಲ್ಲ ಆತ ಅದರಲ್ಲಿ ಸೇರಿಸಿದ್ದ. ಅರ್ಥವೇನೆಂದು ಫಿಂಟನ್ ಕೇಳಿದಾಗ ಶ್ರೀಲಕ್ಷ್ಮಿ ಮಾವನತ್ತ ತಿರುಗಿದರು. ಮಳೆ, ಜ್ವರ, ರೈಲು ಸರಿ. ಬಿಳಿಯ ದೊರೆಯನ್ನು ಬೈದದ್ದನ್ನು ಬಿಳಿಯನೇ ಆದ ಇವನೆದುರು ಹೇಗೆ ಹೇಳುವುದು? ಬೆಂಚೂ ಕೈತಪ್ಪಿದರೆ?

"ಮಾವ, ಕೊನೇ ಸಾಲು ಬಿಟ್ಬಿಡ್ಲಾ?"

"ಯಾಕಮ್ಮ? ಆ ದೊರೆಗೆ ಅರ್ಥ ಆಗ್ಲಿಲ್ಲ ಅನ್ನೋದೊಂದೇ ನಮ್ಮಜ್ಜಂಗೆ ಬೇಜಾರಿತ್ತು. ಹೇಳು."

ಶ್ರೀಲಕ್ಷ್ಮಿ ಇದ್ದುದನ್ನು ಇದ್ದಂತೆ ಹೇಳಿದರು. ಫಿಂಟನ್ ಹಳಿಯ ಕಡೆ ಬೆರಳು ತೋರಿಸಿದ.

"ನಮ್ಮ ಮುತ್ತಜ್ಜನೂ ಇಲ್ಲೇ ಹಳಿ ಎತ್ತಿದವನು," ಎಂದ. "ಆ ಬ್ರಿಟಿಷ್ ದೊರೆ ಇಲ್ಲೂ ಕೂತೇ ತಿಂದ. ನಿಮ್ಮ ಮಾವ ಯಾವತ್ತು ಹೊರಡ್ತಾರೆ?"

"ಮುಂದಿನ ತಿಂಗಳು ಹದಿನಾಲ್ಕಕ್ಕೆ."

"ಗ್ರ್ಯಾಂಡ್, ಒಳ್ಳೇದೇ ಆಯ್ತು. ಹದಿಮೂರರೊಳಗೆ ಹಳಿ ಹಾಸ್ತಾ ಹಳೇ ಸ್ಟೇಷನ್ನಿನ ಪ್ಲಾಟ್‌ಫಾರಂ ಮುಟ್ಟೋಣ. ಅವರು ಹಳಿ ಮುಟ್ಟೋದು ಬೇಡ, ಹಾಡಿ ನಮ್ಮ ಕೈಲಿ ಎತ್ತಿಸಲಿ."

ಶ್ರೀಲಕ್ಷ್ಮಿ ಅಲ್ಲಿಗೆ ನಿಲ್ಲಿಸಿದರು. ಹದಿಮೂರಕ್ಕೆ ಮುಟ್ಟಿದರೋ ಇಲ್ಲವೋ ಎಂದು ಕೇಳುತ್ತಿದ್ದವರಲ್ಲಿ ಒಬ್ಬನಾದ ಗುರುದತ್ ವಿಚಾರಿಸಿದ.

"ಹನ್ನೊಂದಕ್ಕೇ ಮುಟ್ಟಿದ್ರು. ಉಳಿದ ಎರಡು ದಿನ ಮಾವ ಕೂತು ಈ ವರ್ಷದ್ದೂ ಒಂದು ಸಾಲು ಕಟ್ಟಿದ್ರು. ಅದ್ರಲ್ಲಿ ಬೈಸ್ಕೊಂಡಿರೋದು ಫಿಂಟನ್. ಅರ್ಥ ಕೇಳಿ ಬರ್ಕೊಂಡು ಹೋದ."

ಕೇಳಿದವರು ನಗುತ್ತ ಎದ್ದು, ಕೋಟು ಹಾಕಿಕೊಂಡು ತಮ್ಮ ತಮ್ಮ ಮನೆಗೆ ಹೊರಟರು.