ಏಳನೆಯ ಬಳೆ

ಮಟಮಟ ಮಧ್ಯಾಹ್ನ, ಬೀದಿಯ ಜನರ ಎದುರಿಗೇ ಅವನು ತನ್ನ ಮನೆ ಮುಂದಿನ ಮರದ ಮೇಲಿನ ಕೆಂಪು ಬಣ್ಣವನ್ನು ಕೆರೆಯುತ್ತಿದ್ದ. ಯಾರೂ ಏನೂ ಕೇಳಲಿಲ್ಲ. ಕೇಳುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ನಗರಸಭೆಯ ಖಾಕಿ ಅಂಗಿ ತೊಟ್ಟು ಬ್ರಷ್ ಹಿಡಿದವನು ಮರಕ್ಕೆ ಏನು ಮಾಡಿದರೂ ಅದು ಸರ್ಕಾರಿ ಕೆಲಸವೇ.

ಮೂವತ್ತೊಂದು ವರ್ಷ ಅವನ ಕೆಲಸವೂ ಬಣ್ಣದ್ದೇ ಆಗಿತ್ತು. ಕಡಿಯಬೇಕಾದ ಮರಕ್ಕೆ ಎದೆಮಟ್ಟದಲ್ಲಿ ಸುತ್ತಲೂ ಕೆಂಪು ಪಟ್ಟಿ ಬಳಿಯುವುದು, ಕೆಳಗೆ ಬಿಳಿಯಲ್ಲಿ ನಂಬರು ಬರೆಯುವುದು. ಊರಿನವರು ಅವನಿಗೆ ಬಳೆಗಾರ ಎಂದು ಅಡ್ಡಹೆಸರಿಟ್ಟಿದ್ದರು. ಬಳೆಗಾರ ಬಳೆ ತೊಡಿಸಿದ ಎಂದರೆ ಎಂಟು ದಿನದಲ್ಲಿ ಮರ ಸೌದೆಯಾಯಿತೆಂದೇ ಲೆಕ್ಕ. ಯಾರು ಬಂದು ಗೋಗರೆದರೂ ಅವನು ಬ್ರಷ್ ಕೆಳಗಿಟ್ಟವನಲ್ಲ. ನಿವೃತ್ತನಾಗಿ ಎರಡು ವರ್ಷವಾದ ಮೇಲೆ ಅದೇ ಬಳೆ ಅವನ ಮನೆ ಬಾಗಿಲಿಗೆ ಬಂದಿತ್ತು.

ಬಳಿದು ಹೋದವಳು ನಗರಸಭೆಗೆ ಹೊಸದಾಗಿ ಬಂದ ಅಧಿಕಾರಿ, ನಿನ್ನೆ ಮೊನ್ನೆಯ ಹುಡುಗಿ. ಕಡಲು ವರ್ಷವರ್ಷವೂ ದಂಡೆಯನ್ನು ನುಂಗುತ್ತಿತ್ತು. ತಡೆಗೋಡೆ ಕಟ್ಟುವುದಕ್ಕೆ ದಂಡೆಬೀದಿಯ ಮರಗಳನ್ನು ತೆಗೆಯುತ್ತೇವೆಂದು ಕಚೇರಿಯ ಗೋಡೆಗೆ ಮೂರು ಹಾಳೆಯ ನೋಟಿಸು ಅಂಟಿಸಿದ್ದರು. ಬಳೆಗಾರ ಮೊದಲ ಸಾಲು ಓದಿ ವಾಪಸು ಬಂದಿದ್ದ. ಇಂಥ ನೋಟಿಸುಗಳನ್ನು ಸಾವಿರ ಸಲ ಅಂಟಿಸಿದವನು ಕೊನೆತನಕ ಓದುತ್ತ ನಿಲ್ಲುತ್ತಾನೆಯೇ?

ಆ ಹುಡುಗಿ ಕಾಂಡಕ್ಕೆ ಕಿವಿ ಹಚ್ಚಿ ಎಷ್ಟೋ ಹೊತ್ತು ನಿಂತಿದ್ದಳು. ಪೊಟರೆಯೊಳಗೆ ಜೇನು ಗೂಡು ಕಟ್ಟಿ ಹದಿನಾಲ್ಕು ವರ್ಷವಾಗಿತ್ತು. ಆಮೇಲೆ ಪಟ್ಟಿ ಬಳಿದು, ಕೆಳಗೆ ಏಳು ಎಂದು ಬರೆದಳು. ಒಟ್ಟು ಎಷ್ಟು ಮರ ಎಂದು ಅವನು ಕೇಳಿದ.

"ಐವತ್ತರಲ್ಲಿ ಏಳೇ. ನಾನು ಇಪ್ಪತ್ತು ಕೇಳಿದ್ದೆ, ಮೇಲಿನವರು ಒಪ್ಪಲಿಲ್ಲ," ಎಂದಳು. ಹೇಳುತ್ತ ನಕ್ಕಳು ಬೇರೆ.

ಅವನ ಮೈಯೆಲ್ಲ ಉರಿದುಹೋಯಿತು. ಏಳು ಸಾಲದೆ ಇಪ್ಪತ್ತು ಬೇಕಿತ್ತಂತೆ ಮಹಾತಾಯಿಗೆ.

ಹೆಂಡತಿಗೆ ಕಣ್ಣು ಹೋಗಿ, ಸೊಂಟವೂ ಬಿದ್ದು ಆರು ವರ್ಷ. ಕಿಟಕಿ ಪಕ್ಕದ ಮಂಚವೇ ಅವಳ ಲೋಕ. ಹೊರಗಿನ ಜೇನಿನ ಸದ್ದು ಕೇಳಿಯೇ ಬಿಸಿಲೇರಿತು, ಮೋಡ ಕವಿಯಿತು, ಸಂಜೆಯಾಯಿತು ಎನ್ನುತ್ತಿದ್ದಳು. ಆ ಸದ್ದು ನಿಂತ ದಿನ ಇವಳೂ ನಿಂತುಬಿಡುತ್ತಾಳೆ ಎಂಬುದು ಅವನ ಭಯ. ಜಗತ್ತಿನಲ್ಲಿ ಅವನಿಗಿದ್ದದ್ದು ಅದೊಂದೇ ಭಯ.

"ಕಡಿಯೋಕೆ ಬಂದವಳು ಮರಕ್ಕೆ ಕಿವಿ ಕೊಟ್ಕೊಂಡು ನಿಲ್ತಾಳಾ?" ಎಂದಿದ್ದಳು ಹೆಂಡತಿ, ಅವನು ಹೇಳಿದ್ದನ್ನು ಕೇಳಿ.

"ಟೊಳ್ಳಾಗಿದೆಯಾ ಅಂತ ನೋಡೋದೇ ಹಾಗೆ. ಟೊಳ್ಳು ಮರಕ್ಕೇ ಮೊದಲು ಬಳೆ. ಈ ಕೆಲಸ ನನಗೆ ಹೇಳಿಕೊಡ್ಬೇಡ," ಎಂದು ಅವನು ಬಾಯಿ ಮುಚ್ಚಿಸಿದ್ದ.

ಬರೀ ಕೆರೆದರೆ ಸಾಲದೆಂಬುದೂ ಅವನಿಗೆ ಗೊತ್ತಿತ್ತು. ಗರಗಸದವರು ಕಾಗದ ನೋಡುವುದಿಲ್ಲ, ಬಣ್ಣ ನೋಡುತ್ತಾರೆ. ಏಳು ಬಳೆ ಇರಬೇಕಾದಲ್ಲಿ ಆರೇ ಕಂಡರೆ ಹುಡುಕುತ್ತ ಬರುತ್ತಾರೆ. ಕೆರೆದ ಜಾಗಕ್ಕೆ ಕೆಸರು ಮೆತ್ತಿ, ಡಬ್ಬಿ ಎತ್ತಿಕೊಂಡು ಅವನು ಪಕ್ಕದ ಮನೆಯ ಮರದತ್ತ ನಡೆದ.

ಪಕ್ಕದ ಮನೆ ಟೀಚರಮ್ಮನದು. ಒಂಟಿ ಹೆಂಗಸು. ಆ ಮರ ಅವಳ ತಾಯಿ ನೆಟ್ಟದ್ದು. ವಾರಕ್ಕೊಮ್ಮೆ ಅವನ ಹೆಂಡತಿಯ ಔಷಧಿ ತಂದುಕೊಡುವವಳೂ, ತಲೆ ಬಾಚಿ ಹೋಗುವವಳೂ ಅವಳೇ. ಬಳೆ ಬಿದ್ದ ದಿನದಿಂದ ಅವಳು ಕಣ್ಣು ಊದಿಸಿಕೊಂಡು ಓಡಾಡುತ್ತಿದ್ದಳು. ನಮ್ಮ ಮರಕ್ಕಾಗಿ ಅಳುತ್ತಿದ್ದಾಳೆ ಎಂದು ಅವನಿಗೆ ಕರುಳು ಚುರುಕ್ ಎಂದಿತ್ತು. ಆದರೂ ಬ್ರಷ್ ಅದ್ದಿದ. ಮೂವತ್ತೊಂದು ವರ್ಷದ ಕೈ, ಪಟ್ಟಿ ನೆಟ್ಟಗೆ ಬಂತು.

ಅರ್ಧ ಬಳಿಯುವಷ್ಟರಲ್ಲಿ ಅವಳು ಹೊರಗೆ ಬಂದಳು. ಅವನ ಮರದ ಕಡೆ ನೋಡಿದಳು, ತನ್ನ ಮರದ ಕಡೆ ನೋಡಿದಳು.

"ನಮ್ಮ ಮರಕ್ಕಾ?"

"ಮೇಲಿನವರ ಆರ್ಡರು," ಎಂದ, ತಲೆ ಎತ್ತದೆ.

ಅವಳ ಕಣ್ಣು ತುಂಬಿ ಬಂತು. ಬೈಯಲಿಲ್ಲ, ಜಗಳಕ್ಕೆ ನಿಲ್ಲಲಿಲ್ಲ. ಒಳಗೆ ಹೋಗಿ ತಣ್ಣನೆಯ ನೀರು ತಂದುಕೊಟ್ಟಳು. ಎಂಥ ಪಾಪದ ಹೆಂಗಸು ಎಂದುಕೊಂಡ. ಕುಡಿದು ಲೋಟ ಹಿಂದಿರುಗಿಸಿದ. ಆಮೇಲೆ ಬಿಳಿಯಲ್ಲಿ ಏಳು ಎಂದು ದುಂಡಗೆ ಬರೆದ.

ತನ್ನ ಮಾತಿಗೆ ಕಚೇರಿಯಲ್ಲಿ ಇನ್ನೂ ಬೆಲೆಯಿದೆ, ಮರ ಉಳಿಯಿತು ಎಂದು ಹೆಂಡತಿಗೆ ಹೇಳಿದ. ಅವಳು ಆ ರಾತ್ರಿ ಎರಡು ತುತ್ತು ಹೆಚ್ಚಿಗೆ ಉಂಡಳು.

ಮುಂದಿನ ವಾರ ಗರಗಸ ಬಂತು. ಟೀಚರಮ್ಮನ ಮರ ಬೀಳುವುದು ತನಗೂ ಕೇಳಬಾರದು, ಹೆಂಡತಿಗೂ ಕೇಳಬಾರದು. ಬಳೆಗಾರ ಕಿಟಕಿ ಬಾಗಿಲು ಭದ್ರ ಮಾಡಿ, ಇಬ್ಬರ ಕಿವಿಗೂ ಹತ್ತಿ ತುರುಕಿ, ಅವಳ ಕೈ ಹಿಡಿದು ಕೂತ. ಒಂದು ಸಲ ಮನೆ ಗಡಗಡ ನಡುಗಿತು. ಹೋಯಿತು ಪಾಪ, ಎಂದುಕೊಂಡ. ಅದುರು ಪೂರ್ತಿ ನಿಲ್ಲುವವರೆಗೆ ಕಾದು, ತನ್ನ ಕಿವಿಯದನ್ನು ತೆಗೆದ, ಅವಳದನ್ನೂ ತೆಗೆದ, ಕಿಟಕಿ ತೆರೆದ. ಎಂದೂ ಬಿಸಿಲು ಬೀಳದ ಮಂಚದ ಮೇಲೆ, ಅವಳ ಮುಖದ ತುಂಬ, ಧಗಧಗ ಬಿಸಿಲು ಬಿತ್ತು.

"ಹತ್ತಿ ತೆಗೀರಿ," ಎಂದಳು ಅವಳು. "ಜೇನು ಕೇಳಿಸ್ತಿಲ್ಲ."

ಹತ್ತಿ ಅವನ ಕೈಯಲ್ಲೇ ಇತ್ತು. ಅವನು ಬಾಗಿಲಿಗೆ ಓಡಿದ. ಹೊಸ್ತಿಲಲ್ಲಿ ಟೀಚರಮ್ಮ ನಿಂತಿದ್ದಳು. ಅವಳ ಹಿಂದೆ ಅವಳ ಮರ, ಎಲೆಯೂ ಅಲುಗದೆ, ಕೆಂಪು ಬಳೆ ತೊಟ್ಟುಕೊಂಡು ನಿಂತಿತ್ತು. ಅವಳು ಅವನ ಎರಡೂ ಕೈ ಹಿಡಿದುಕೊಂಡಳು.

"ನೋಟಿಸಲ್ಲಿ ಬರೆದಿದ್ದ ಹಾಗೇ, ಬಳೆ ಇದ್ದ ಏಳು ಮರ ಬಿಟ್ಟು ಬೀದಿ ಪೂರ್ತಿ ಬೋಳು ಮಾಡ್ತಿದ್ದಾರೆ. ನಿಮ್ಮ ಮರದ ಬಳೆ ತೆಗೆದು ನನ್ನ ಮರ ಉಳಿಸಿದ್ರಲ್ಲ, ಇಷ್ಟು ದೊಡ್ಡ ಮನಸ್ಸು ಯಾರಿಗಿರುತ್ತೆ?"