ಮೂರನೆಯ ಗುಂಡಿ

ಗಂಡನ ಅಂಗಿಯ ಮೂರನೆಯ ಗುಂಡಿ ಕಣ್ಣಿಗೆ ಬಿದ್ದದ್ದೇ ತಡ, ಅವಳ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ಅಲ್ಲೇ ನಿಂತಿತು.

ಶನಿವಾರ ಗೆಳೆಯರ ಜೊತೆ ಕ್ಯಾಂಪಿಂಗ್ ಎಂದು ಗಂಡ ಹೊರಟಾಗ ಆ ಗುಂಡಿ ಒಂದೇ ಎಳೆಯಲ್ಲಿ ಜೋತಾಡುತ್ತಿತ್ತು. ಈಗ ನೋಡಿದರೆ ಗಟ್ಟಿಯಾಗಿ ಕೂತಿದೆ! ಬುಡಕ್ಕೆ ದಾರ ಸುತ್ತಿ, ಗಂಟನ್ನು ಒಳಗಡೆ ಮರೆಮಾಡಿ ಹಾಕಿದ ಹೊಲಿಗೆ. ಲಾಂಡ್ರಿ ನಡೆಸುವವಳಿಗೆ ಇಷ್ಟೂ ತಿಳಿಯದೇ? ಯಾರೋ ಮನಸ್ಸಿಟ್ಟು ಹೊಲಿದಿದ್ದಾರೆ.

ಗಂಡನಂತೂ ಅಲ್ಲ. ದಿನವಿಡೀ ಕೈಗಡಿಯಾರಗಳನ್ನು ಬಿಚ್ಚಿ ಕೂದಲೆಳೆಯಂಥ ಸ್ಪ್ರಿಂಗು ಕೂರಿಸುವ ಆತನಿಗೆ, ಮನೆಗೆ ಬಂದರೆ ಸೂಜಿಯ ಕಣ್ಣೇ ಕಾಣದು. ಪಾಪ, ದಣಿದ ಕಣ್ಣು. ಇನ್ನು ಅಡುಗೆಮನೆಯ ವಿಷಯ ಕೇಳಲೇಬೇಡಿ. ಮದುವೆಯಾದ ಹೊಸದರಲ್ಲಿ ಹಾಲು ಕಾಯಿಸಲು ಹೋಗಿ ಅವಳ ತವರಿನ ಪಾತ್ರೆಯನ್ನು ಸುಟ್ಟು ಕರಿ ಮಾಡಿದ್ದ. ಆವತ್ತಿನಿಂದ ಒಲೆಯ ಹತ್ತಿರ ಸುಳಿಯಕೂಡದೆಂದು ಅವಳೇ ಕಟ್ಟಪ್ಪಣೆ ಮಾಡಿದ್ದಳು.

ಗಂಡನ ಚೀಲ ತಡಕಾಡಿದಳು. ಊಟದ ಡಬ್ಬಿ ಫಳಫಳ ಹೊಳೆಯುತ್ತಿತ್ತು. ಹೊದಿಕೆಯನ್ನು ಯಾರೋ ಮೂಲೆಗೆ ಮೂಲೆ ಸೇರಿಸಿ ಮಡಚಿದ್ದರು.

ತಂಗಿಗೆ ಫೋನು ಮಾಡಿದಳು.

"ಅಕ್ಕಾ, ಬರೀ ಗಂಡಸರು ಸೇರಿದ ಕಡೆ ಡಬ್ಬಿ ಹೀಗೆ ಹೊಳೆಯುತ್ತಾ? ಅಲ್ಲೊಬ್ಬಳು ಇದ್ದೇ ಇದ್ದಾಳೆ ಬಿಡು."

"ಬಾಯಿಗೆ ಬಂದಂಗೆ ಮಾತಾಡಬೇಡ ಕಣೇ!" ಎಂದು ಗದರಿಸಿದಳು. ಆದರೆ ಫೋನಿಟ್ಟ ಮೇಲೂ ಅದೇ ಮಾತು ಕೊರೆಯುತ್ತಿತ್ತು. ಇಷ್ಟು ವರ್ಷ ಈ ಮನುಷ್ಯನನ್ನು ಕೈಕೂಸಿನ ಹಾಗೆ ನೋಡಿಕೊಂಡಿದ್ದು ಇದಕ್ಕೇನಾ?

ರಾತ್ರಿ ಬಡಿಸುತ್ತಾ ಕೇಳಿದಳು. "ರೀ, ಆ ಗುಂಡಿ ಯಾರು ಹಾಕಿದ್ದು?"

"ಯಾವ ಗುಂಡಿ?" ಗಂಡ ನೀರಿನ ಲೋಟಕ್ಕೆ ಕೈಹಾಕಿದ.

"ಅಲ್ಲಿ ಊಟಕ್ಕೆ ಏನು ಮಾಡ್ತೀರಾ?"

"ಹೇಗೋ ಆಗುತ್ತೆ. ನಿನ್ನ ಕೈರುಚಿ ಬರುತ್ತಾ?" ಎಂದವನು ತಟ್ಟೆಯಿಂದ ತಲೆ ಎತ್ತಲಿಲ್ಲ.

ಮುಂದಿನ ತಿಂಗಳು ಆತ ಮತ್ತೆ ಡೇರೆ ಹೊತ್ತು ಹೊರಟ. ಟಾರ್ಚು ಮರೆತಿದ್ದ. ಅವಳಿಗೆ ಅಷ್ಟೇ ನೆಪ ಸಾಕಾಯಿತು. ಮರುದಿನ ಬೆಳಿಗ್ಗೆ ಟಾರ್ಚನ್ನು ಕೈಚೀಲಕ್ಕೆ ತುರುಕಿ, ಬೀದಿಯಲ್ಲಿ ಅಳಬಾರದೆಂದು ಹಲ್ಲು ಕಚ್ಚಿಕೊಂಡು, ಅವರು ಪ್ರತಿಸಲ ಹೋಗುವ ಕೆರೆಯ ಕಡೆಯ ಬಸ್ಸು ಹತ್ತಿದಳು. ತಂಗಿ ಹೇಳಿದ್ದು ನಿಜವಾಗಿದ್ದರೆ ಅಲ್ಲಿಂದ ನೇರ ತಂಗಿಯ ಮನೆಗೆ. ಈ ಮನೆಯ ಹೊಸ್ತಿಲು ಮತ್ತೆ ತುಳಿಯುವುದಿಲ್ಲ.

ಕೆರೆಯ ದಂಡೆಯಲ್ಲಿ ಎರಡು ಡೇರೆ. ಗಂಡನ ಗೆಳೆಯರಲ್ಲಿ ಬಸ್ ಡ್ರೈವರು ಅಂಗಾತ ಮಲಗಿದ್ದ, ಡ್ರಾಯಿಂಗ್ ಮೇಷ್ಟ್ರು ಗಾಳ ಹಾಕಿ ಕೂತಿದ್ದರು. ಗಂಡ ಕಾಣಲಿಲ್ಲ. ಮರದ ಮರೆಯಲ್ಲಿ ನಿಂತಳು.

ಡೇರೆಯ ಹಿಂದಿನಿಂದ ಈರುಳ್ಳಿ ಹೆಚ್ಚುವ ಸದ್ದು. ಟಕಟಕಟಕ, ಒಂದು ಕಡೆಯೂ ತಡವರಿಸಲಿಲ್ಲ. ಹುರಿಯುವ ಘಮ ಬಂತು. ಆಹಾ, ಎಂಥಾ ಪಳಗಿದ ಕೈ! ತನ್ನ ಕೈಯೂ ಇಷ್ಟು ಚುರುಕಲ್ಲ ಎನಿಸಿ ಕಣ್ಣು ತುಂಬಿತು. ಗಂಡ ಬಿಟ್ಟುಹೋದರೂ ಹೋದಾನು.

"ಉಪ್ಪು ನೋಡ್ರೋ!" ಎಂಬ ಕೂಗಿನ ಹಿಂದೆಯೇ ಒಂದು ಆಕೃತಿ ಹೊರಬಂತು. ಸೊಂಟಕ್ಕೆ ಟವೆಲ್ಲು. ಕೈಯಲ್ಲಿ ಸೌಟು. ಕಾಲರಿಗೆ ಸಿಕ್ಕಿಸಿದ ಸೂಜಿ ದಾರ.

ಅವಳ ಗಂಡ.

ಡ್ರೈವರು ಸೌಟು ನೆಕ್ಕಿದ. "ನಿನ್ನ ಹೆಂಡತಿ ಪುಣ್ಯವಂತೆ ಕಣಯ್ಯಾ. ಮನೇಲೂ ನೀನೇ ತಾನೆ ಅಡುಗೆ?"

"ಮನೇಲಾ?" ಗಂಡ ಬಿದ್ದು ಬಿದ್ದು ನಕ್ಕ. "ಮದುವೆಯಾದ ವಾರಾನೇ ಬೇಕಂತಲೇ ಒಂದು ಪಾತ್ರೆ ಸುಟ್ಟೆ ನೋಡು. ಆವತ್ತಿಂದ ಅವಳು ನನ್ನ ಒಲೆ ಹತ್ರಾನೇ ಬಿಟ್ಟಿಲ್ಲ!"

ಅವಳು ಕಣ್ಣೊರೆಸಿಕೊಂಡು, ಸೆರಗು ಸರಿಮಾಡಿಕೊಂಡು ಮರದ ಮರೆಯಿಂದ ಈಚೆ ಬಂದಳು.

"ರೀ, ನನಗೂ ಒಂದು ತಟ್ಟೆ ಹಾಕಿ. ಮತ್ತೆ ಆ ಡೇರೆ ಚೀಲಕ್ಕೆ ತುಂಬಬೇಡಿ, ನಾಳೆಯಿಂದ ನಮ್ಮ ಅಡುಗೆಮನೆಯಲ್ಲಿ ಹೂಡೋದಿದೆ."