ರಾಗಿ ಕೋಣೆಯ ಕೂಗು

“ಆಚೆಗೆ ಕೇಳಾಕಿಲ್ಲ ಕಣತ್ತೆ. ಬೇಕಾರೆ ಮಾವನ್ನೇ ಕೂಗ್ನೋಡಿ,” ಎಂದ ಸೊಸೆ ಸಿಂಧು, ಸೋಬಾನೆ ಹಾಡು ರೆಕಾರ್ಡ್ ಮಾಡಲು ತಂದ ಮೊಬೈಲನ್ನು ಪಕ್ಕಕ್ಕಿಟ್ಟು ಚಪ್ಪಾಳೆ ತಟ್ಟಿದಳು. ಸೂರಿನವರೆಗೆ ಒಟ್ಟಿದ್ದ ರಾಗಿ ಚೀಲಗಳು ಆ ಸದ್ದನ್ನು ಹಾಗೇ ಕುಡಿದುಬಿಟ್ಟವು.

ಗಂಡನ ಕಿವಿಗೆ ಬಿದ್ದೀತೆಂದು ಹಾಡಲು ನಾಚುತ್ತಿದ್ದ ಜಯಲಕ್ಷ್ಮಮ್ಮನಿಗೆ ಇನ್ನೂ ಅನುಮಾನ. ಉಸಿರೆಳೆದುಕೊಂಡು, ನಲವತ್ತು ವರ್ಷದಲ್ಲಿ ಒಮ್ಮೆಯೂ ಬಾಯಿಂದ ಆಡದ ಹೆಸರನ್ನು ಕೂಗಿಯೇಬಿಟ್ಟರು: “ಲೇ ಪುಟ್ಟಸ್ವಾಮೀ!”

ಸಿಂಧು ಚೀಲಗಳ ಸಂದಿಯಿಂದ ಕಿಟಕಿಯ ಗಾಜಿಗೆ ಕಣ್ಣಿಟ್ಟಳು. ಅಂಗಳದಲ್ಲಿ ಮಾವ ತಲೆಯೆತ್ತದೆ ತೆಂಗಿನಕಾಯಿ ಸುಲಿಯುತ್ತಿದ್ದರು. “ಕೇಳ್ನಿಲ್ಲ! ಈಗ ಹಾಡಿ ಅತ್ತೆ.”

ಜಯಲಕ್ಷ್ಮಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಕುಲುಕುಲು ನಕ್ಕರು. “ಹಾಡು ಎಲ್ಲಿಗೋಯ್ತದೆ, ತಾಳವ್ವ. ಇನ್ನೊಂದ್ಸಲ ಕೂಗ್ಬುಡ್ತೀನಿ.”